ಅರ್ಹತಾ ಮೌಲ್ಯಮಾಪನ ಮುಗಿದರೆ ವಿದೇಶದಲ್ಲಿ ಕೆಲಸ ಸಿಕ್ಕಂತೆಯೇ?

ಇಬ್ಬನಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಏಳು ವರ್ಷಗಳಿಂದ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಪತಿ ಫಿಸಿಯೋಥೆರಪಿಸ್ಟ್. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವ ಯೋಚನೆಯಲ್ಲಿದ್ದೇವೆ. ಪದವಿಯ ಮೌಲ್ಯಮಾಪನ ವರದಿಯೊಂದು ಕೈಗೆ ಬಂದರೆ ಸಾಕು, ಅಲ್ಲಿ ನರ್ಸ್‌ಗಳ ಕೊರತೆ ಎಷ್ಟಿದೆಯೆಂದರೆ ಇಳಿದ ವಾರದಲ್ಲೇ ಕೆಲಸ ಸಿಗುತ್ತದೆ ಎಂದು ನಾವು ಭೇಟಿಯಾದ ಏಜೆಂಟರೊಬ್ಬರು ಹೇಳಿದರು. ಆದರೆ ಅದೇ ದಾರಿಯಲ್ಲಿ ಕೆನಡಾಕ್ಕೆ ಹೋದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಎರಡು ವರ್ಷ ಕಳೆದರೂ ನರ್ಸ್ ಆಗಿಲ್ಲ, ವೃದ್ಧರ ಆರೈಕೆ ಸಹಾಯಕಿಯಾಗಿಯೇ ಇದ್ದಾರೆ. ಅವರ ಬಳಿಯೂ ಆ ವರದಿ ಇದೆ. ಹಾಗಾದರೆ ಆ ವರದಿಯಿಂದ ಆಗುವ ಉಪಯೋಗವೇನು, ಆಗದಿರುವುದೇನು? ನಾವು ಯಾವುದರಿಂದ ಆರಂಭಿಸಬೇಕು?

ದೂರದೀಪ

ಇಬ್ಬನಿ ಅವರೇ, ನಿಮ್ಮ ಸಹೋದ್ಯೋಗಿಗೆ ಆದದ್ದು ಅಪರೂಪದ ಸಂಗತಿಯಲ್ಲ. ನಾನು ಬ್ರಿಟನ್ನಿನಲ್ಲಿ ಐದು ವರ್ಷ ನರ್ಸ್ ಆಗಿದ್ದು, ಈಗ ಆಸ್ಟ್ರೇಲಿಯಾದಲ್ಲಿದ್ದೇನೆ. ಎರಡೂ ಕಡೆ ಇದೇ ಗೊಂದಲದಲ್ಲಿ ಸಿಲುಕಿದವರನ್ನು ಕಂಡಿದ್ದೇನೆ. ವಲಸೆಗಾಗಿ ಮಾಡುವ ಅರ್ಹತಾ ಮೌಲ್ಯಮಾಪನ, ವೃತ್ತಿ ನಡೆಸಲು ಬೇಕಾದ ನೋಂದಣಿ, ಆಸ್ಪತ್ರೆ ಕೊಡುವ ನೇಮಕಾತಿ ಇವು ಮೂರು ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಉದ್ದೇಶಕ್ಕೆ ಮಾಡುವ ತೀರ್ಮಾನಗಳು. ಒಂದರಲ್ಲಿ ಹೌದು ಎಂದ ಮಾತ್ರಕ್ಕೆ ಇನ್ನೊಂದು ಕಚೇರಿ ಹೌದು ಎನ್ನಬೇಕಾಗಿಲ್ಲ.

ಕೆನಡಾದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಂಕಗಳ ಆಧಾರದ ಮೇಲೆ ವಲಸಿಗರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆಗಾಗಿ, ವೆಸ್‌ನಂತಹ ಪದವಿ ಮೌಲ್ಯಮಾಪನ ಸಂಸ್ಥೆಯಿಂದ ನೀವು ಪಡೆಯುವ ವರದಿ, ನಿಮ್ಮ ಪದವಿ ಅಲ್ಲಿನ ಸ್ನಾತಕ ಪದವಿಗೆ ಸಮ ಎಂದಷ್ಟೇ ಹೇಳುತ್ತದೆ. ಅದರಿಂದ ವಲಸೆಯ ಅಂಕಗಳು ಬರುತ್ತವೆ, ಆದರೆ ರೋಗಿಗೆ ಒಂದು ಇಂಜೆಕ್ಷನ್ ಕೊಡುವ ಅಧಿಕಾರವೂ ಅದರಿಂದ ಬರುವುದಿಲ್ಲ. ಆ ಅಧಿಕಾರ ಕೊಡುವುದು ಆಯಾ ಪ್ರಾಂತ್ಯದ ನಿಯಂತ್ರಣ ಮಂಡಳಿ. ಒಂಟಾರಿಯೊದಲ್ಲಿ ಅದರ ಹೆಸರು ಕಾಲೇಜ್ ಆಫ್ ನರ್ಸಸ್. ಕಾಲೇಜ್ ಎಂಬ ಹೆಸರು ಕೇಳಿ ಅಲ್ಲಿ ಮತ್ತೆ ಓದಬೇಕೇನೋ ಎಂದು ನಾನೇ ಒಮ್ಮೆ ಗಾಬರಿಯಾಗಿದ್ದೆ! ಕೆಲವು ಪ್ರಾಂತ್ಯಗಳಿಗೆ ಅರ್ಜಿ ಹಾಕುವವರು ಎನ್‌ಎನ್‌ಎಎಸ್ ಎಂಬ ರಾಷ್ಟ್ರೀಯ ಸೇವೆಯ ಮೂಲಕ ತಮ್ಮ ಶಿಕ್ಷಣವನ್ನು ಮತ್ತೊಮ್ಮೆ, ಈ ಬಾರಿ ವಿಷಯವಾರು ತೂಗಿಸಿಕೊಳ್ಳಬೇಕಾಗುತ್ತದೆ. ವಯಸ್ಕರ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಪ್ರಸೂತಿ, ಮಾನಸಿಕ ಆರೋಗ್ಯ ಇವುಗಳಲ್ಲಿ ತರಗತಿಯಲ್ಲಿ ಎಷ್ಟು ಗಂಟೆ, ರೋಗಿಗಳ ಬಳಿ ಎಷ್ಟು ಗಂಟೆ ಎಂಬ ಲೆಕ್ಕವನ್ನು ನೀವು ಓದಿದ ಸಂಸ್ಥೆಯೇ ಕಳುಹಿಸಬೇಕು. ಆಮೇಲೆ ನರ್ಸ್‌ಗಳ ನೋಂದಣಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ. ಎಲ್ಲ ಪ್ರಾಂತ್ಯಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಿ: ನೋವಾ ಸ್ಕೋಶಿಯಾ 2023ರಲ್ಲಿ ಏಳು ದೇಶಗಳಲ್ಲಿ ನೋಂದಾಯಿತರಾದ ನರ್ಸ್‌ಗಳಿಗೆ ಹೆಚ್ಚು ನೇರವಾದ ದಾರಿಯನ್ನು ತೆರೆಯಿತು. ಹೀಗಾಗಿ ಯಾವ ಪ್ರಾಂತ್ಯ ಎಂಬ ಪ್ರಶ್ನೆ ಕೆನಡಾವೋ ಆಸ್ಟ್ರೇಲಿಯಾವೋ ಎಂಬ ಪ್ರಶ್ನೆಯಷ್ಟೇ ದೊಡ್ಡದು.

ಆಸ್ಟ್ರೇಲಿಯಾದಲ್ಲಿ ವಲಸೆಯ ಕೌಶಲ್ಯ ಮೌಲ್ಯಮಾಪನ ನರ್ಸ್‌ಗಳಿಗೆ ಎಎನ್‌ಮ್ಯಾಕ್ ಎಂಬ ಸಂಸ್ಥೆ ಮಾಡುತ್ತದೆ, ನೋಂದಣಿಯನ್ನು ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಾದ ಆಪ್ರಾ ಮತ್ತು ನರ್ಸಿಂಗ್ ಮಂಡಳಿ ನೋಡಿಕೊಳ್ಳುತ್ತವೆ. ಇಲ್ಲಿ ಒಂದು ಕಿವಿಮಾತು: ಆಪ್ರಾ ನೋಂದಣಿ ಮೊದಲೇ ಇದ್ದರೆ ಎಎನ್‌ಮ್ಯಾಕ್‌ನ ಕೆಲಸ ಬಹಳ ಹಗುರವಾಗುತ್ತದೆ, ತಿರುಗುಮುರುಗಾಗಿ ಮಾಡಿದರೆ ಆ ಲಾಭವಿಲ್ಲ. ನೇರವಾಗಿ ಬರುವವರಲ್ಲಿ ಬಹಳಷ್ಟು ಮಂದಿ ಎನ್‌ಕ್ಲೆಕ್ಸ್ ಬರೆದು, ಅನಂತರ ಆಸ್ಟ್ರೇಲಿಯಾಕ್ಕೆ ಬಂದು ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನು ಎದುರಿಸಬೇಕು. 2025ರ ಏಪ್ರಿಲ್‌ನಿಂದ ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರ, ಸ್ಪೇನ್, ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಒಂಟಾರಿಯೊಗಳಲ್ಲಿ ನೋಂದಾಯಿತರಾಗಿ, 2017ರಿಂದೀಚೆಗೆ ಕನಿಷ್ಠ 1,800 ಗಂಟೆ ಕೆಲಸ ಮಾಡಿದವರಿಗೆ ಈ ಪರೀಕ್ಷೆಗಳಿಲ್ಲದ ದಾರಿಯೊಂದು ತೆರೆದಿದೆ. ನಾನು ಬಂದದ್ದು ಆ ದಾರಿಯಲ್ಲೇ.

ನಿಮ್ಮ ಪತಿಯ ವಿಷಯ ಬೇರೆ. ಆಸ್ಟ್ರೇಲಿಯಾದಲ್ಲಿ ಫಿಸಿಯೋಥೆರಪಿ ಕೌನ್ಸಿಲ್ ಮೊದಲು ದಾಖಲೆಗಳನ್ನು ನೋಡಿ, ಆಮೇಲೆ ಲಿಖಿತ ಪರೀಕ್ಷೆ, ಅನಂತರ ಮೂಳೆ–ಸ್ನಾಯು, ನರಮಂಡಲ, ಹೃದಯ–ಶ್ವಾಸಕೋಶ ಈ ಮೂರು ಕ್ಷೇತ್ರಗಳಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತದೆ. ವರ್ಷಗಟ್ಟಲೆ ಬೆನ್ನುನೋವು, ಮಂಡಿನೋವುಗಳನ್ನಷ್ಟೇ ನೋಡಿದವರು ಮೂರನೆಯ ಕ್ಷೇತ್ರದಲ್ಲಿ ತಡವರಿಸುವುದು ಸಾಮಾನ್ಯ.

ಸೂಕ್ಷ್ಮದರ್ಶಕ

ನಾನು ಪ್ರಯೋಗಾಲಯ ವಿಜ್ಞಾನಿ. ಬ್ರಿಟನ್ನಿನ ಎಚ್‌ಸಿಪಿಸಿಯಲ್ಲಿ ನೋಂದಣಿ ಪಡೆದಿದ್ದೇನೆ. ಅದು ಫಿಸಿಯೋಥೆರಪಿಸ್ಟ್, ರೇಡಿಯೋಗ್ರಾಫರ್, ಆಕ್ಯುಪೇಶನಲ್ ಥೆರಪಿಸ್ಟ್ ಸೇರಿ 15 ವೃತ್ತಿಗಳನ್ನು ನೋಡಿಕೊಳ್ಳುವ ಸಂಸ್ಥೆ. ನರ್ಸ್‌ಗಳಿಗೂ ವೈದ್ಯರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಎಲ್ಲರಿಗೂ ಪ್ರವೇಶ ಪರೀಕ್ಷೆ ಎಂಬುದಿಲ್ಲ. ನೀವು ಕಲಿತದ್ದೂ ಮಾಡಿದ ಕೆಲಸವೂ ಅವರ ಪ್ರಾವೀಣ್ಯ ಮಾನದಂಡಗಳಿಗೆ ಒಂದೊಂದಾಗಿ ಹೊಂದುತ್ತವೆಯೇ ಎಂದು ಕಾಗದದ ಮೇಲೆಯೇ ಪರಿಶೀಲಿಸುತ್ತಾರೆ. ಪರೀಕ್ಷೆ ಇಲ್ಲವೆಂದು ಹಗುರವಾಗಿ ತೆಗೆದುಕೊಂಡವರು ಇಲ್ಲಿಯೇ ಎಡವುತ್ತಾರೆ. ನಾನು ಓದಿದ ಕಾಲೇಜಿನ ಗುಮಾಸ್ತರು ನನ್ನ ಪಠ್ಯಕ್ರಮದ ವಿವರವನ್ನು ವಿಷಯಕ್ಕೊಂದು ಸಾಲಿನಂತೆ ತುಂಬಿ ಮೊಹರು ಹಾಕಿ ಕೊಟ್ಟರು. ನಾನೂ ಓದಿ ನೋಡದೆ ಕಳುಹಿಸಿದೆ. ರಕ್ತನಿಧಿ ವಿಜ್ಞಾನದಲ್ಲಿ ನೀವು ಏನು ಕಲಿತಿರಿ ಎಂಬುದೇ ತಿಳಿಯುತ್ತಿಲ್ಲ ಎಂಬ ಪತ್ರ ಬಂತು. ಹಳೆಯ ಪಠ್ಯಕ್ರಮ ಪುಸ್ತಕವನ್ನು ಹುಡುಕಿಸಿ, ಅಧ್ಯಾಯವಾರು ವಿವರ ಬರೆಸಿ, ಮತ್ತೆ ಮೊಹರು ಹಾಕಿಸಿಕೊಳ್ಳುವಷ್ಟರಲ್ಲಿ ಐದು ತಿಂಗಳು ಹೋದವು. ಇಬ್ಬನಿ ಅವರೇ, ನಿಮ್ಮ ಪತಿ ಯಾವ ದೇಶವನ್ನು ಆರಿಸಿಕೊಂಡರೂ ಪಠ್ಯಕ್ರಮ ಮತ್ತು ಗಂಟೆಗಳ ವಿವರವನ್ನು ಈಗಲೇ ತರಿಸಿಕೊಳ್ಳಲಿ.

ಮೊಂಡುಪೆನ್ಸಿಲ್

ಸೂಕ್ಷ್ಮದರ್ಶಕ ಅವರ ಮಾತಿಗೆ ನನ್ನ ಸಣ್ಣ ತಕರಾರಿದೆ. ನಾನು ಆರೋಗ್ಯ ವೃತ್ತಿಯವರಿಗೆ ಇಂಗ್ಲಿಷ್ ಪರೀಕ್ಷೆಗಳ ತರಬೇತಿ ಕೊಡುವವನು. ಕಾಗದಪತ್ರಗಳಿಗೆ ಹಣ ಸುರಿದು, ಕೊನೆಗೆ ಬರವಣಿಗೆಯಲ್ಲಿ ಅರ್ಧ ಅಂಕ ಸಾಲದೆ ಎರಡು ವರ್ಷ ನಿಂತವರನ್ನು ಪ್ರತಿ ತಂಡದಲ್ಲೂ ನೋಡುತ್ತೇನೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಗೆ ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಅಲ್ಲಿನ ವೈದ್ಯರ ಮಂಡಳಿಗೆ ಒಟ್ಟು 7.5, ಯಾವ ವಿಭಾಗದಲ್ಲೂ 7ಕ್ಕೆ ಕಡಿಮೆಯಿಲ್ಲದಂತೆ. ಭಾಷೆ ಗೆಲ್ಲದಿದ್ದರೆ ಮಿಕ್ಕ ಕಾಗದಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಆದ್ದರಿಂದ ಮೊದಲು ಭಾಷೆ ಎಂಬುದು ನನ್ನ ನಿಲುವು.

ಇಬ್ಬನಿ

ಮೂವರಿಗೂ ಧನ್ಯವಾದಗಳು. ಮೊಂಡುಪೆನ್ಸಿಲ್ ಅವರೇ, ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಒಳ್ಳೆಯದೋ ಒಇಟಿಯೋ? ಒಇಟಿ ನಮ್ಮಂಥವರಿಗೆ ಸುಲಭ ಎಂದು ಎಲ್ಲರೂ ಹೇಳುತ್ತಾರೆ.

ಮೊಂಡುಪೆನ್ಸಿಲ್

ಸುಲಭ ಎನ್ನುವುದಕ್ಕಿಂತ ಪರಿಚಿತ ಎನ್ನುವುದು ಸರಿ. ಒಇಟಿ 12 ಆರೋಗ್ಯ ವೃತ್ತಿಗಳಿಗಾಗಿ ರೂಪಿಸಿದ ಪರೀಕ್ಷೆ. ಅದರ ಬರವಣಿಗೆಯಲ್ಲಿ ರೋಗಿಯ ಟಿಪ್ಪಣಿಗಳನ್ನು ಕೊಟ್ಟು, ಇನ್ನೊಬ್ಬ ವೈದ್ಯರಿಗೋ ಮನೆ ಆರೈಕೆಯ ನರ್ಸ್‌ಗೋ ಪತ್ರ ಬರೆಯಿರಿ ಎನ್ನುತ್ತಾರೆ. ಮಾತಿನ ವಿಭಾಗದಲ್ಲಿ ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ಅವರ ಮನೆಯವರು. ನಗರಗಳ ಸಂಚಾರ ದಟ್ಟಣೆಯ ಬಗ್ಗೆ ಪ್ರಬಂಧ ಬರೆಯಲು ಒದ್ದಾಡುವ ಅನುಭವಿ ನರ್ಸ್‌ಗಳು ಇಲ್ಲಿ ನಿರಾಳವಾಗುತ್ತಾರೆ. ಆದರೆ ಟಿಪ್ಪಣಿಯಲ್ಲಿ ಇರುವುದೆಲ್ಲವನ್ನೂ ಪತ್ರಕ್ಕೆ ತುಂಬುವವರಿಗೆ ಅಂಕ ಸಿಗುವುದಿಲ್ಲ. ಓದುವವರಿಗೆ ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದೇ ಅಲ್ಲಿನ ಪರೀಕ್ಷೆ. ಇನ್ನೊಂದು ಮಾತು: ಒಂದೇ ಬಾರಿಗೆ ಎಲ್ಲ ಅಂಕಗಳೂ ಬರಲೇಬೇಕೆಂದಿಲ್ಲ. 12 ತಿಂಗಳೊಳಗೆ ಎರಡು ಬಾರಿ ಬರೆದ ಫಲಿತಾಂಶಗಳನ್ನು ಕೆಲವು ಷರತ್ತುಗಳೊಂದಿಗೆ ಜೋಡಿಸಲು ಎನ್‌ಎಂಸಿ ಒಪ್ಪುತ್ತದೆ. ಅರ್ಜಿ ಹಾಕುವ ಮಂಡಳಿ ಒಇಟಿಯನ್ನು ಒಪ್ಪುತ್ತದೆಯೇ, ವೀಸಾ ಕಚೇರಿಯೂ ಒಪ್ಪುತ್ತದೆಯೇ ಎಂದು ಎರಡನ್ನೂ ಪ್ರತ್ಯೇಕವಾಗಿ ನೋಡಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಒಇಟಿ ನಡೆಯುವುದಿಲ್ಲ.

ಮರಳುಹಾದಿ

ಗಲ್ಫ್ ದೇಶಗಳ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ತೂಗುವುದಕ್ಕಿಂತ ತಾಳೆ ನೋಡುವುದು ಮುಖ್ಯ. ಸೌದಿ, ಕತಾರ್, ದುಬೈ ಮುಂತಾದೆಡೆ ಪ್ರಾಥಮಿಕ ಮೂಲ ಪರಿಶೀಲನೆ ಎಂಬುದು ಕಡ್ಡಾಯ. ಡೇಟಾಫ್ಲೋದಂತಹ ಸಂಸ್ಥೆ ನಿಮ್ಮ ವಿಶ್ವವಿದ್ಯಾಲಯ, ನೋಂದಣಿ ಮಂಡಳಿ, ಹಿಂದಿನ ಆಸ್ಪತ್ರೆಗಳಿಗೆ ನೇರವಾಗಿ ಬರೆದು ದಾಖಲೆ ನಿಜವೇ ಎಂದು ಕೇಳುತ್ತದೆ. ಅನುಭವ ಪತ್ರದಲ್ಲಿ ಸ್ಟಾಫ್ ನರ್ಸ್ ಎಂದಿದ್ದು, ಆಸ್ಪತ್ರೆಯ ಸಿಬ್ಬಂದಿ ವಿಭಾಗ ಟ್ರೈನಿ ಎಂದು ಉತ್ತರ ಕೊಟ್ಟರೆ ನಿಮ್ಮ ಏಳು ವರ್ಷದಲ್ಲಿ ಒಂದೆರಡು ವರ್ಷ ಅಲ್ಲೇ ಕರಗುತ್ತದೆ. ದಿನಾಂಕಗಳು ಹೊಂದದಿದ್ದರೂ ಇದೇ ತಕರಾರು. ಸೌದಿಯ ಆರೋಗ್ಯ ವೃತ್ತಿಗಳ ಆಯೋಗ ನಿಮ್ಮನ್ನು ಟೆಕ್ನಿಷಿಯನ್ ಎಂದು ವರ್ಗೀಕರಿಸುವುದೋ ಸ್ಪೆಷಲಿಸ್ಟ್ ಎಂದೋ ಎಂಬುದು ಪದವಿಯ ಮೇಲೆ ನಿಂತಿರುತ್ತದೆ, ಸಂಬಳ ಆ ವರ್ಗದ ಮೇಲೆ ನಿಲ್ಲುತ್ತದೆ. ಹಿಂದಿನ ಆಸ್ಪತ್ರೆ ಮುಚ್ಚಿಹೋಗಿದ್ದರೆ ಏನು ಮಾಡಬೇಕೆಂದು ಅರ್ಜಿ ಹಾಕುವ ಮುಂಚೆಯೇ ಕೇಳಿಕೊಳ್ಳಿ. ಪರಿಶೀಲಿಸಲಾಗಲಿಲ್ಲ ಎಂಬ ವರದಿ ಒಂದು, ದಾಖಲೆ ಸುಳ್ಳು ಎಂಬ ವರದಿ ಮತ್ತೊಂದು. ಎರಡನೆಯದು ಬಂದರೆ ಮುಂದಿನ ಅರ್ಜಿಗಳಿಗೂ ಬೆನ್ನು ಬೀಳುತ್ತದೆ.

ರಾತ್ರಿಪಾಳಿ

ವೈದ್ಯರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ವಿದೇಶದಲ್ಲಿ ಓದಿದ ವೈದ್ಯರಿಗಾಗಿ ಬ್ರಿಟನ್ ನಡೆಸುವ ಪ್ಲ್ಯಾಬ್ ಪರೀಕ್ಷೆಯ ಎರಡೂ ಭಾಗಗಳನ್ನು ಮುಗಿಸಿ, ಅಲ್ಲಿನ ವೈದ್ಯರ ಮಂಡಳಿಯಾದ ಜಿಎಂಸಿಯ ನೋಂದಣಿ ಸಿಕ್ಕ ದಿನ ನಾನು ಕೆಲಸವೇ ಸಿಕ್ಕಿತೆಂದು ಸಂಭ್ರಮಿಸಿದ್ದೆ. ಮೊದಲ ಸಂದರ್ಶನದ ಕರೆ ಬಂದದ್ದು ಹದಿನಾಲ್ಕು ತಿಂಗಳ ನಂತರ. ಪ್ಲ್ಯಾಬ್ ಬರೆಯುವವರ ಸಂಖ್ಯೆ ಏರಿತು. ಕಿರಿಯ ವೈದ್ಯರ ಹುದ್ದೆಗಳು ಆ ಪ್ರಮಾಣದಲ್ಲಿ ಏರಲಿಲ್ಲ. 2025ರ ಜುಲೈನಲ್ಲಿ ಪ್ರಕಟವಾದ ಇಂಗ್ಲೆಂಡಿನ ಹತ್ತು ವರ್ಷಗಳ ಆರೋಗ್ಯ ಯೋಜನೆ, ತಜ್ಞ ತರಬೇತಿಯ ಸ್ಥಾನಗಳಲ್ಲಿ ಅಲ್ಲಿಯೇ ಓದಿದವರಿಗೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸಾಕಷ್ಟು ಕಾಲ ದುಡಿದವರಿಗೂ ಆದ್ಯತೆ ಎಂದು ಬರೆದಿಟ್ಟಿದೆ. ಎಂಆರ್‌ಸಿಪಿಯಂತಹ ಬ್ರಿಟಿಷ್ ಸ್ನಾತಕೋತ್ತರ ಅರ್ಹತೆ ಇದ್ದವರಿಗೆ ಪ್ಲ್ಯಾಬ್ ಇಲ್ಲದೆಯೇ ನೋಂದಣಿ ಸಾಧ್ಯ, ಹುದ್ದೆ ಸಿಗುವ ಸಾಧ್ಯತೆಯೂ ಹೆಚ್ಚು. ಈಗ ಯಾರಾದರೂ ನನ್ನನ್ನು ಕೇಳಿದರೆ ಆ ದಾರಿಯನ್ನೇ ತೋರಿಸುತ್ತೇನೆ.

ಅಮೆರಿಕದ ಲೆಕ್ಕವೂ ಹೀಗೆಯೇ. ಅಲ್ಲಿನ ವೈದ್ಯರ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತಕ್ಕೆ 2022ರ ಜನವರಿಯಿಂದ ಅಂಕವಿಲ್ಲ, ಉತ್ತೀರ್ಣ ಅಥವಾ ಅನುತ್ತೀರ್ಣ ಅಷ್ಟೇ. ಹಾಗಾಗಿ ವಿದೇಶಿ ಪದವೀಧರನ ಇಡೀ ಭಾರ ಎರಡನೆಯ ಹಂತದ ಅಂಕಗಳ ಮೇಲೆ ಬಿದ್ದಿದೆ. ವಿದೇಶಿ ಪದವೀಧರರ ಅರ್ಹತೆಯನ್ನು ದೃಢೀಕರಿಸುವ ಇಸಿಎಫ್‌ಎಂಜಿಯ ಪ್ರಮಾಣಪತ್ರ ಕೈಯಲ್ಲಿದ್ದರೂ ರೆಸಿಡೆನ್ಸಿಯ, ಅಂದರೆ ಆಸ್ಪತ್ರೆಯಲ್ಲಿ ತಜ್ಞ ತರಬೇತಿಯ, ಸ್ಥಾನ ಸಿಗದಿದ್ದರೆ ಅದರಿಂದ ರೋಗಿಯನ್ನು ನೋಡಲಾಗದು. ಬೇರೆಡೆ ಹತ್ತು ವರ್ಷ ತಜ್ಞರಾಗಿದ್ದವರೂ ಬಹುಪಾಲು ಮತ್ತೆ ರೆಸಿಡೆಂಟ್ ಆಗಿಯೇ ಆರಂಭಿಸಬೇಕಾಗುತ್ತದೆ.

ದೂರದೀಪ

ರಾತ್ರಿಪಾಳಿ ಅವರ ಅನುಭವ ನರ್ಸ್‌ಗಳಿಗೂ ಸಲ್ಲುತ್ತದೆ. ಕೊರತೆ ಎಂಬ ಪದವನ್ನು ಏಜೆಂಟರು ಬಳಸುವ ರೀತಿಯೇ ಬೇರೆ. 2030ರ ವೇಳೆಗೆ ಜಗತ್ತಿಗೆ ಸುಮಾರು 1.1 ಕೋಟಿ ಆರೋಗ್ಯ ಸಿಬ್ಬಂದಿ ಕಡಿಮೆ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿರುವುದು ನಿಜ, ಆದರೆ ಅದರಲ್ಲಿ ಹೆಚ್ಚಿನ ಪಾಲು ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳದ್ದು. ನಾವು ಹೋಗಬಯಸುವ ದೇಶಗಳಲ್ಲಿ ಕೊರತೆ ಇದೆಯೇ ಎಂದರೆ ಇದೆ, ಆದರೆ ಅದು ರಾಜಧಾನಿಗಳಿಂದ ದೂರದ ಆಸ್ಪತ್ರೆಗಳಲ್ಲಿ, ವೃದ್ಧರ ಆರೈಕೆಯಲ್ಲಿ, ಮಾನಸಿಕ ಆರೋಗ್ಯದಲ್ಲಿ ಹೆಚ್ಚು. ಮೇಲಾಗಿ ಕೊರತೆ ಇದ್ದರೂ ನೇಮಿಸಿಕೊಳ್ಳಲು ಹಣ ಬೇಕು. ನ್ಯೂಜಿಲೆಂಡ್ ಸಾವಿರಾರು ವಿದೇಶಿ ನರ್ಸ್‌ಗಳಿಗೆ ನೋಂದಣಿ ಕೊಟ್ಟ ಬೆನ್ನಲ್ಲೇ ಸರ್ಕಾರಿ ಆಸ್ಪತ್ರೆಗಳ ನೇಮಕಾತಿ ಬಿಗಿಯಾಯಿತು. ಅವರಲ್ಲಿ ಅನೇಕರು ಎರಡೂ ದೇಶಗಳ ನಡುವಿನ ಪರಸ್ಪರ ಮಾನ್ಯತೆಯ ಏರ್ಪಾಟನ್ನು ಹಿಡಿದು ಆಸ್ಟ್ರೇಲಿಯಾಕ್ಕೆ ದಾಟಿದರು. ಬ್ರಿಟನ್ 2025ರ ಜುಲೈ 22ರಿಂದ ಆರೈಕೆ ಸಹಾಯಕರನ್ನು ಹೊರದೇಶಗಳಿಂದ ಹೊಸದಾಗಿ ಕರೆಸುವುದನ್ನೇ ನಿಲ್ಲಿಸಿದೆ. ಮೊದಲು ಆರೈಕೆಯ ಕೆಲಸಕ್ಕೆ ಹೋಗಿ ಆಮೇಲೆ ನರ್ಸ್ ಆಗುವೆ ಎಂಬ ಹಳೆಯ ಉಪಾಯ ಅಲ್ಲಿಗೆ ಮುಗಿಯಿತು.

ಇನ್ನೊಂದು ಕಹಿ ವಿಷಯ: ಹಿರಿತನ ಗಡಿ ದಾಟುವುದಿಲ್ಲ. ಬ್ರಿಟನ್ನಿನಲ್ಲಿ ನಾನು ಅಲ್ಲಿನ ಓಸ್ಕಿ ಮುಗಿಯುವವರೆಗೆ ಸಹಾಯಕ ನರ್ಸ್‌ನ ಶ್ರೇಣಿಯಲ್ಲಿದ್ದೆ, ಮುಗಿದ ಮೇಲೆ ಹೊಸ ನರ್ಸ್‌ಗಳ ವೇತನ ಶ್ರೇಣಿಯಾದ ಐದನೆಯ ಬ್ಯಾಂಡ್‌ನ ಮೊದಲ ಮೆಟ್ಟಿಲಿನಲ್ಲಿ ನಿಂತೆ. ನನ್ನ ಹಿಂದಿನ ಒಂಬತ್ತು ವರ್ಷ ವಾರ್ಡಿನಲ್ಲಿ ಎಲ್ಲರಿಗೂ ಉಪಯೋಗಕ್ಕೆ ಬಂತು, ನನ್ನ ಸಂಬಳಕ್ಕೆ ಬರಲಿಲ್ಲ. ಕೆಲಸ ಸೇರಿದ ಎಂಟು ತಿಂಗಳೊಳಗೆ ಓಸ್ಕಿ ಗೆಲ್ಲದಿದ್ದರೆ ವೀಸಾವೇ ಅಲುಗಾಡುತ್ತದೆ. ಆ ದಿನಗಳಲ್ಲಿ ಕೈ ತೊಳೆಯುವ ಕ್ರಮವನ್ನು ಕನಸಿನಲ್ಲೂ ಒಪ್ಪಿಸುತ್ತಿದ್ದೆ.

ರೈನ್‌ತೀರ

ಜರ್ಮನಿಯನ್ನು ಪರಿಗಣಿಸುವವರಿಗೆ: ಅಲ್ಲಿ ಹುದ್ದೆ ಮೊದಲು ಸಿಗುತ್ತದೆ, ಮಾನ್ಯತೆ ನಿಧಾನವಾಗಿ ಬರುತ್ತದೆ. ಕ್ರಮ ತಿರುಗುಮುರುಗು ಎಂದರೂ ತಪ್ಪಿಲ್ಲ. ನಿಮ್ಮ ಶಿಕ್ಷಣವನ್ನು ಆಯಾ ರಾಜ್ಯದ ಕಚೇರಿ ಜರ್ಮನ್ ಶಿಕ್ಷಣದೊಂದಿಗೆ ಹೋಲಿಸಿ, ಎಲ್ಲಿ ಕೊರತೆಯಿದೆ ಎಂದು ಪಟ್ಟಿ ಮಾಡಿದ ಪತ್ರ ಕೊಡುತ್ತದೆ. ಆ ಕೊರತೆಯನ್ನು ಹೊಂದಾಣಿಕೆ ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಿದ ಮೇಲೆಯೇ ಪೂರ್ಣ ನರ್ಸ್ ಎನಿಸಿಕೊಳ್ಳುವುದು. 2024ರ ಮಾರ್ಚ್‌ನಿಂದ ಮಾನ್ಯತಾ ಸಹಭಾಗಿತ್ವ ಎಂಬ ವ್ಯವಸ್ಥೆಯೂ ಬಂದಿದ್ದು, ಉದ್ಯೋಗದಾತರೊಂದಿಗೆ ಒಪ್ಪಂದ ಮಾಡಿಕೊಂಡು ಅಲ್ಲಿಗೆ ಹೋದ ಮೇಲೆಯೇ ಈ ಪ್ರಕ್ರಿಯೆಯನ್ನು ಆರಂಭಿಸಬಹುದು. ನರ್ಸ್‌ಗಳಿಗೆ ಸಾಮಾನ್ಯವಾಗಿ ಬಿ2 (ಮೇಲ್ಮಧ್ಯಮ) ಮಟ್ಟದ ಜರ್ಮನ್ ಕೇಳುತ್ತಾರೆ. ವೈದ್ಯರು ವೈದ್ಯಕೀಯ ಜರ್ಮನ್‌ನಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸಿ1 ಮಟ್ಟವನ್ನು ತೋರಿಸಬೇಕು; ಅದಕ್ಕೆಂದೇ ನಡೆಸುವ ಪರೀಕ್ಷೆಯಲ್ಲಿ 20 ನಿಮಿಷ ರೋಗಿಯೊಂದಿಗೆ ಮಾತು, 20 ನಿಮಿಷ ಬರವಣಿಗೆ, 20 ನಿಮಿಷ ಸಹ ವೈದ್ಯರೊಂದಿಗೆ ಚರ್ಚೆ. ಬಿ2 ಪ್ರಮಾಣಪತ್ರ ಇದ್ದ ನನಗೆ ಮೊದಲ ರಾತ್ರಿ ಪಾಳಿಯಲ್ಲಿ ಫೋನ್ ಎತ್ತಲು ಭಯವಾಗಿತ್ತು. ಎದುರಿಗಿರುವವರ ಮುಖ ಕಾಣದೆ ಪರಭಾಷೆಯನ್ನು ಅರ್ಥಮಾಡಿಕೊಳ್ಳುವ ಕಷ್ಟವನ್ನು ಯಾವ ತರಗತಿಯೂ ಹೇಳಿಕೊಟ್ಟಿರಲಿಲ್ಲ.

ಇಬ್ಬನಿ

ಇಷ್ಟೆಲ್ಲ ಓದಿದ ಮೇಲೆ ಏಜೆಂಟರಿಗೆ ಕೊಡಲಿದ್ದ ಮುಂಗಡವನ್ನು ತಡೆಹಿಡಿದಿದ್ದೇವೆ. ನಮ್ಮ ಮೂಲ ಪ್ರಮಾಣಪತ್ರಗಳನ್ನು ಅವರ ಬಳಿಯೇ ಇಡಬೇಕು ಎಂದೂ ಕೇಳುತ್ತಿದ್ದಾರೆ. ಇದು ವಾಡಿಕೆಯೇ?

ಮರಳುಹಾದಿ

ಯಾವ ಕಾರಣಕ್ಕೂ ಕೊಡಬೇಡಿ. ನನ್ನ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡ ಏಜೆಂಟರೊಬ್ಬರು, ನಾನು ಬೇರೆ ಆಸ್ಪತ್ರೆಯ ಹುದ್ದೆಯನ್ನು ಒಪ್ಪಿಕೊಂಡಾಗ ಅವುಗಳನ್ನು ಮರಳಿಸಲು ಹಣ ಕೇಳಿದರು. ಪರಿಶೀಲನೆಗೆ ಬೇಕಾಗುವುದು ಸ್ಕ್ಯಾನ್ ಪ್ರತಿ ಅಥವಾ ದೃಢೀಕೃತ ಪ್ರತಿ. ನಿಜವಾದ ಸಾಕ್ಷ್ಯ ಸಂಸ್ಥೆಯಿಂದ ಸಂಸ್ಥೆಗೆ ಹೋಗುತ್ತದೆ. ಆರೋಗ್ಯ ಸಿಬ್ಬಂದಿಯ ಅಂತರರಾಷ್ಟ್ರೀಯ ನೇಮಕಾತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ 2010ರಿಂದಲೇ ಇದೆ, ಮತ್ತು ಬ್ರಿಟನ್ನಿನ ನೇಮಕಾತಿ ಸಂಹಿತೆ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವುದನ್ನು ಒಪ್ಪುವುದಿಲ್ಲ. ಒಪ್ಪಂದದಲ್ಲಿ ಇಷ್ಟು ವರ್ಷದೊಳಗೆ ಬಿಟ್ಟರೆ ಖರ್ಚು ಹಿಂದಿರುಗಿಸಬೇಕು ಎಂಬ ಕಲಮು ಇದ್ದರೆ, ಯಾವ ಖರ್ಚು, ಎಷ್ಟು, ತಿಂಗಳು ಕಳೆದಂತೆ ಇಳಿಯುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಮೊಂಡುಪೆನ್ಸಿಲ್

ಅಡ್ಡದಾರಿಯ ಬಗ್ಗೆಯೂ ಒಂದು ಮಾತು. 2023ರಲ್ಲಿ ನೈಜೀರಿಯಾದ ಇಬಾದಾನ್‌ನ ಒಂದು ಕೇಂದ್ರದಲ್ಲಿ ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆಯನ್ನು ಹಲವರು ನಂಬಲಾಗದಷ್ಟು ಕಡಿಮೆ ಸಮಯದಲ್ಲಿ ಮುಗಿಸಿದ್ದು ಬೆಳಕಿಗೆ ಬಂತು. ಅಲ್ಲಿ ಪರೀಕ್ಷೆ ಬರೆದವರನ್ನೆಲ್ಲ ವಿಚಾರಿಸುವಂತಾಯಿತು, ಆಗಲೇ ಬ್ರಿಟನ್ನಿನ ವಾರ್ಡ್‌ಗಳಲ್ಲಿ ದುಡಿಯುತ್ತಿದ್ದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಅವರಲ್ಲಿ ಪ್ರಾಮಾಣಿಕರೂ ಇದ್ದಿರಬಹುದು, ಕೇಂದ್ರ ಕೆಟ್ಟದ್ದಾದರೆ ಎಲ್ಲರ ಮೇಲೂ ಸಂಶಯ.

ಸೂಕ್ಷ್ಮದರ್ಶಕ

ಮೊಂಡುಪೆನ್ಸಿಲ್ ಅವರೇ, ಮೊದಲು ಭಾಷೆಯೋ ಕಾಗದವೋ ಎಂಬ ನಮ್ಮ ತಕರಾರನ್ನು ನಾನು ಆಮೇಲೆ ಯೋಚಿಸಿ ನೋಡಿದೆ. ಕಾಗದಗಳೆಲ್ಲ ಒಂದೇ ಜಾತಿಯವಲ್ಲ. ಪಠ್ಯಕ್ರಮ, ಗಂಟೆಗಳ ಲೆಕ್ಕ, ಟ್ರಾನ್ಸ್‌ಕ್ರಿಪ್ಟ್ ಇವುಗಳಿಗೆ ವಾಯಿದೆ ಇಲ್ಲ, ಆದರೆ ಸಿಗುವುದು ಎಲ್ಲಕ್ಕಿಂತ ತಡ. ಇಂಗ್ಲಿಷ್ ಅಂಕಗಳನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಒಪ್ಪುತ್ತಾರೆ. ನಮ್ಮ ಮೇಲೆ ಯಾವ ಶಿಸ್ತು ಕ್ರಮವೂ ಇಲ್ಲವೆಂದು ನೋಂದಣಿ ಮಂಡಳಿ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರ ಕೆಲವೇ ತಿಂಗಳಿಗೆ ಹಳಸುತ್ತದೆ. ಆದ್ದರಿಂದ ಹಳಸದ್ದನ್ನು ಮೊದಲು ತರಿಸಿ, ಅದು ಬರುವವರೆಗೆ ಭಾಷೆಗೆ ಓದಿ, ಬೇಗ ಹಳಸುವುದನ್ನು ಅರ್ಜಿ ಹಾಕುವ ವಾರದಲ್ಲಿ ಕೇಳಿದರೆ ಇಬ್ಬರ ಮಾತೂ ನಡೆದಂತೆ.

ಮೊಂಡುಪೆನ್ಸಿಲ್

ಒಪ್ಪಿದೆ.

ಇಬ್ಬನಿ

ಹಾಗೆಯೇ ಮಾಡುತ್ತಿದ್ದೇವೆ. ಒಂದೇ ತೊಡಕು: ನನ್ನ ಪದವಿ ಪತ್ರದಲ್ಲಿ ಮದುವೆಗೆ ಮುಂಚಿನ ಹೆಸರಿದೆ, ಪಾಸ್‌ಪೋರ್ಟ್‌ನಲ್ಲಿ ಈಗಿನ ಹೆಸರು.

ದೂರದೀಪ

ಮದುವೆಯ ಪ್ರಮಾಣಪತ್ರವೂ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಿತ ಹೇಳಿಕೆಯೂ ಸಾಮಾನ್ಯವಾಗಿ ಸಾಕಾಗುತ್ತವೆ. ಆದರೆ ಇಂಗ್ಲಿಷ್ ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಅಲ್ಲಿ ಮೂರನೆಯ ರೂಪವೊಂದು ಹುಟ್ಟಿಕೊಂಡರೆ ಯಾವ ಹೇಳಿಕೆಗೂ ಅದು ಸಿಗುವುದಿಲ್ಲ. ಆಮೇಲೆ ಎನ್‌ಕ್ಲೆಕ್ಸ್‌ಗೂ ಅದೇ ಹೆಸರು. ಆ ಪರೀಕ್ಷೆ ಅಮೆರಿಕ, ಕೆನಡಾದ ಬಹುಪಾಲು, ಆಸ್ಟ್ರೇಲಿಯಾ ಮೂರಕ್ಕೂ ಬೇಕಾಗುವುದರಿಂದ, ದೇಶವನ್ನು ಇನ್ನೂ ನಿರ್ಧರಿಸದ ನಿಮ್ಮಂಥವರು ಅದಕ್ಕೆ ಓದಲು ತೊಡಗಿದರೆ ಶ್ರಮ ಎಲ್ಲಿಯೂ ವ್ಯರ್ಥವಾಗದು.

ಇಬ್ಬನಿ

ಎಲ್ಲರಿಗೂ ಮತ್ತೊಮ್ಮೆ ಧನ್ಯವಾದಗಳು. ಪತಿಯ ಕಾಲೇಜಿನಿಂದ ಗಂಟೆಗಳ ವಿವರ ಇಂದು ಬಂತು. ಸೂಕ್ಷ್ಮದರ್ಶಕ ಅವರ ಮಾತು ನೆನಪಾಗಿ ಲಕೋಟೆ ಒಡೆದು ಪ್ರತಿ ಸಾಲನ್ನೂ ಓದಿದೆವು. ನರಮಂಡಲದ ಫಿಸಿಯೋಥೆರಪಿಯ ಎದುರಿಗೆ ಪ್ರಾಯೋಗಿಕ ಗಂಟೆಗಳ ಅಂಕಣ ಖಾಲಿಯಿತ್ತು. ಅವರು ಆ ವಿಭಾಗದಲ್ಲಿ ಮೂರು ತಿಂಗಳು ಕೆಲಸ ಮಾಡಿದ್ದ ದಿನಚರಿ ಪುಸ್ತಕ ಇನ್ನೂ ಮನೆಯಲ್ಲಿದೆ. ಅದರ ಪ್ರತಿಯನ್ನು ಲಗತ್ತಿಸಿ, ಅಂಕಣವನ್ನು ತುಂಬಿಕೊಡುವಂತೆ ವಿವರವನ್ನು ಕಾಲೇಜಿಗೆ ಹಿಂದಕ್ಕೆ ಕಳುಹಿಸಿದ್ದೇವೆ.